ಹಿಮರೇಖೆಯಾಚೆಗೆ ಒಂದು ಹಿಡಿ ಅನ್ನ

ಗ್ರಹಗರ್ಭದರ್ಶಕವು ಬೆಳಗಿನ ವರದಿ ಓದತೊಡಗಿತ್ತು. ಆಗತಾನೇ ಹುಟ್ಟಿದ ನಕ್ಷತ್ರದ ಸುತ್ತ ಅನಿಲ, ಧೂಳು, ಮಂಜು ಕೂಡಿದ ಭಾರಿ ತಟ್ಟೆಯೊಂದು ತಿರುಗುತ್ತಿರುತ್ತದೆ. ಗ್ರಹಗಳು ರೂಪುಗೊಳ್ಳುವುದು ಅದರಲ್ಲೇ. ತಟ್ಟೆಯ ಯಾವ ಭಾಗದಲ್ಲಿ ಎಷ್ಟು ಶಾಖವಿದೆ, ಯಾವ ಅಣುಗಳಿವೆ ಎಂಬುದನ್ನು ಬೆಳಕಿನಿಂದಲೇ ಅರಿತು, ಎಲ್ಲಿ ಗ್ರಹ ಹುಟ್ಟೀತೆಂದು ಹೇಳುವುದು ಈ ಯಂತ್ರದ ಕೆಲಸ. ತಟ್ಟೆಯ ಅಂಚಿನಲ್ಲಿ ತೇಲುವ ನಿಲ್ದಾಣದಲ್ಲಿ ಅದು ವರ್ಷಗಳಿಂದ ಹೇಳುತ್ತಿದ್ದುದು ಒಂದೇ ಮಾತು: "ಗ್ರಹದ ಸುಳಿವಿಲ್ಲ."

ವರದಿ ಮುಗಿಯುವವರೆಗೂ ಯಜ್ಞನಾರಾಯಣಯ್ಯನವರು ಬಾಗಿಲಲ್ಲಿ ಕಾದರು. ನಿಲ್ದಾಣದ ಗಾಳಿಯನ್ನು ಶುದ್ಧಿಮಾಡುವ ಕೆಲಸ ಅವರದು. ಹೆಂಡತಿ ಗೋದಾವರಮ್ಮ ಅಲ್ಲೇ ತೀರಿಕೊಂಡು ಮರುದಿನಕ್ಕೆ ವರ್ಷ. ಮಕ್ಕಳಿಲ್ಲದ್ದರಿಂದ ಶ್ರಾದ್ಧ ಇವರೇ ಮಾಡಬೇಕು. ಅಕ್ಕಿ, ಎಳ್ಳು, ತುಪ್ಪ ಹೊಂದಿಸಿದ್ದರು, ಮಂತ್ರ ಬಾಯಿಪಾಠವಿತ್ತು. ಆದರೆ ಪಿಂಡವನ್ನು ಹರಿಯುವ ನೀರಿಗೆ ಬಿಡಬೇಕು. ನಿಲ್ದಾಣದ ನೀರೆಲ್ಲ ಕೊಳವೆಗಳಲ್ಲಿ ಸುತ್ತಿ ಶುದ್ಧವಾಗಿ ಮತ್ತೆ ಲೋಟಕ್ಕೇ ಬರುವಂಥದು. ಅದಕ್ಕೆ ಬಿಟ್ಟ ಪಿಂಡ ಎಲ್ಲರ ಕಾಫಿಗೂ ಬಂದೀತು.

"ಡಾಕ್ಟರಮ್ಮ, ಇಲ್ಲೆಲ್ಲಾದರೂ ಹರಿಯೋ ನೀರಿದೆಯೇ?"

ಖಗೋಳ ವಿಜ್ಞಾನಿ ಶಾಲ್ಮಲಿ ಬೆಣ್ಣೂರ ಪರದೆಯಿಂದ ಕಣ್ಣೆತ್ತಲಿಲ್ಲ. "ಹಿಮರೇಖೆ ಆಚೆ ಬೇಕಾದಷ್ಟು ಐತ್ರಿ. ನಕ್ಷತ್ರದ ಕಾವು ಅಲ್ಲೀತನಕಾ ಮುಟ್ಟೂದಿಲ್ಲ. ನೀರೆಲ್ಲಾ ಮಂಜಿನ ಹರಳಾಗಿ ಸುತ್ತು ಹೊಡೀತದ. ನಮ್ಮ ನಿಲ್ದಾಣ ಇರೂದೂ ಅದರಾಗ."

"ಹರಿಯುತ್ತೆ ತಾನೆ?"

"ನಿಂತದ್ದು ನಾ ಕಂಡಿಲ್ಲ. ಯಾಕ?"

ಯಾಕೆಂದು ಹೇಳಿದರು. ಶಾಲ್ಮಲಿ ನಕ್ಕಳು. "ಸತ್ತವರು ಇಷ್ಟು ದೂರ ಬಂದು ಉಣ್ತಾರೇನ್ರಿ ಅಜ್ಜಾರ?"

"ಬದುಕಿದ್ದಾಗಲೇ ನನ್ನ ಹಿಂದೆ ಇಷ್ಟು ದೂರ ಬಂದವಳು ಕಣಮ್ಮ. ಈಗ ಕಿಟಕಿಯಾಚೆ ಬರೋಲ್ಲವೆ?"

ಆಕೆಯ ನಗು ನಿಂತಿತು. "ಒಂದು ಹಿಡಿ ಅಷ್ಟ. ನನ್ನ ತಟ್ಟಿ ಹೊಲಸ ಮಾಡಬ್ಯಾಡ್ರಿ."

ಮರುದಿನ ಯಜ್ಞನಾರಾಯಣಯ್ಯನವರು ಮಡಿಯುಟ್ಟು, ಗೋತ್ರ ನಾಮ ಹೇಳಿ, ಎಳ್ಳು ತುಪ್ಪ ಕಲಸಿದ ಅನ್ನದುಂಡೆಯನ್ನು ಹೊರಬಾಗಿಲಿನಿಂದ ಬಿಟ್ಟರು. ಅದು ಮಂಜಿನ ಹರಳುಗಳ ನಡುವೆ ಮರೆಯಾಯಿತು. ಕಾಗೆ ಬರುವ ಪ್ರಶ್ನೆಯೇ ಇರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಯಂತ್ರ ಬೇರೆ ಮಾತು ಆಡಿತು: "ಗ್ರಹದ ಸುಳಿವಿದೆ. ಪಿಷ್ಟವಿದೆ. ಜಿಡ್ಡಿದೆ. ಎಳ್ಳಿದೆ."

ಶಾಲ್ಮಲಿ ಕರೆಕಳಿಸಿದಳು. ಯಜ್ಞನಾರಾಯಣಯ್ಯನವರು ಬೈಗುಳಕ್ಕೆ ಸಿದ್ಧರಾಗಿಯೇ ಬಂದರು. ಆಕೆ ಬೈಯದೆ ಪರದೆ ತೋರಿಸಿ ವಿವರಿಸಿದಳು. ತಟ್ಟೆಯಲ್ಲಿ ಧೂಳಿನ ಕಣಗಳು ಕೂಡಿಕೊಂಡು ಹರಳಷ್ಟು ಬೆಳೆಯುವುದೇನೋ ಸರಿ. ಆಮೇಲೆ ಒಂದಕ್ಕೊಂದು ಬಡಿದು ಸಿಡಿಯುತ್ತವೆಯೇ ಹೊರತು ಅಂಟುವುದಿಲ್ಲ. ಇಲ್ಲಿ ಗ್ರಹ ಹುಟ್ಟದಿದ್ದುದು ಅದಕ್ಕೇ. ಆದರೆ ಮಂಜಿನಲ್ಲಿದ್ದ ಅಮೋನಿಯಾ ತಗುಲಿ ಅನ್ನದುಂಡೆ ಮೆತ್ತಗೇ ಉಳಿದಿತ್ತು. ಬಡಿದದ್ದೆಲ್ಲ ಅದಕ್ಕೆ ಅಂಟಿಕೊಂಡು, ಈಗದು ಬಂಡಿಯ ಗಾತ್ರವಾಗಿತ್ತು.

"ತಪ್ಪಾಯಿತಮ್ಮ."

"ತಪ್ಪು ಇರ್ಲಿ. ತೂಕ ಸಾಲವಲ್ದು. ಅನಿಲದ ಎದುರುಗಾಳಿಗೆ ವೇಗ ಕಳಕೊಂಡು ನಕ್ಷತ್ರದಾಗ ಬಿದ್ದು ಹೋಗ್ತದ."

ಯಜ್ಞನಾರಾಯಣಯ್ಯನವರು ಪರದೆಯತ್ತ ಬಾಗಿದರು. "ಅವಳ ಪಿಂಡ ಬೆಂಕಿಗೆ ಬೀಳುತ್ತದೆಯೆ?"

"ಇನ್ನಷ್ಟು ಅನ್ನ ಅಂಟಿದ್ರ ಉಳೀತದ. ಮುಂದಿನ ಶ್ರಾದ್ಧ ಯಾವಾಗ್ರಿ?"

"ಬರೋ ವರ್ಷ."

"ಅಲ್ಲೀತನಕಾ ತಡಿಯೂದಿಲ್ಲ. ನಿಮ್ಮ ಅಪ್ಪ, ಅಜ್ಜ, ಮುತ್ತಜ್ಜ ಯಾರೂ ಇಲ್ಲೇನು?"

"ಮಹಾಲಯ ಹತ್ತಿರ ಬಂತು. ಆಗ ಎಲ್ಲರಿಗೂ ಇಡಬಹುದು. ತಂದೆ ಕಡೆ, ತಾಯಿ ಕಡೆ, ಅತ್ತೆ ಮಾವ, ಗುರುಗಳು, ಸ್ನೇಹಿತರು..."

"ಇಡ್ರಿ," ಎಂದಳು ವಿಜ್ಞಾನಿ. "ಒಬ್ಬರನ್ನೂ ಬಿಡಬ್ಯಾಡ್ರಿ."

ಮಹಾಲಯದ ದಿನ ನಿಲ್ದಾಣದ ಅಕ್ಕಿಯೆಲ್ಲ ಒಲೆಯ ಮೇಲಿತ್ತು. ದೇವರಿಲ್ಲವೆಂದು ವಾದಿಸುತ್ತಿದ್ದ ಇಂಜಿನಿಯರುಗಳು ಸಾಲುಗಟ್ಟಿ ನಿಂತು ತಮ್ಮ ತಮ್ಮ ಸತ್ತವರ ಹೆಸರು ಹೇಳಿದರು. ಕೊನೆಗೆ ಪಾತ್ರೆ ಹಿಡಿದು ನಿಂತಿದ್ದ ಶಾಲ್ಮಲಿಯೊಬ್ಬಳು ಉಳಿದಳು.

"ಸಂಗವ್ವ," ಎಂದಳು.

"ಯಾರಮ್ಮ ಅದು?"

"ನಮ್ಮವ್ವ. ನಮ್ಮ ಮಂದ್ಯಾಗ ಶ್ರಾದ್ಧ ಮಾಡೂ ಪದ್ಧತಿ ಇಲ್ಲ. ಆಕಿ ಹೋದಾಗ ನಾ ಊರಿಗೆ ಹೋಗೂದೂ ಆಗ್ಲಿಲ್ಲ." ಆಕೆ ಪಾತ್ರೆಯನ್ನು ಕೆಳಗಿಟ್ಟಳು. "ತೂಕಕ್ಕ ಬೇಕಲ್ಲ, ಅದಕ್ಕ ಹೇಳಿದೆ."

"ತೂಕಕ್ಕೆ ಬೇಕೇ ಬೇಕು," ಎಂದು ಯಜ್ಞನಾರಾಯಣಯ್ಯನವರು ತಳದಲ್ಲಿದ್ದ ಅನ್ನವನ್ನೆಲ್ಲ ಬಳಿದು, ಆ ಒಂದು ಉಂಡೆಯನ್ನು ಎರಡೂ ಕೈಗಳಿಂದ ಕಟ್ಟಿದರು.