ಹಲ್ಲಿನ ಡಾಕ್ಟರ ಮನೆಯ ರತ್ನಗಂಬಳಿ

“ಹಲ್ಲಿರೋದು ದಾರ ಕಡಿಯೋಕಲ್ಲ, ಮೇಡಂ.”

ನೆಲದ ಮೇಲೆ ಕೂತಿದ್ದವಳು ತಲೆ ಎತ್ತಿದಳು. ಬಾಗಿಲಲ್ಲಿ ಎತ್ತರದ ಗಂಡಸೊಬ್ಬ ಒಂದು ಕಾಲಿನ ಶೂ ಬಿಚ್ಚಿ, ಇನ್ನೊಂದನ್ನು ಮರೆತು ನಿಂತಿದ್ದ. ಅವಳ ಬಾಯಲ್ಲಿ ಇನ್ನೂ ಕೆಂಪು ಉಣ್ಣೆಯ ಎಳೆ.

“ಕತ್ತರಿ ಎಲ್ಲೋ ಕಾರ್ಪೆಟ್ ಕೆಳಗೆ ಸೇರ್ಕೊಂಡಿದೆ. ತಾವು ಯಾರು?”

“ಈ ಮನೆಯವನು. ಹಲ್ಲಿನ ಡಾಕ್ಟರು.”

“ಹಾಗಾದ್ರೆ ಬೈದಿದ್ದಕ್ಕೆ ಫೀಸ್ ಹಾಕ್ಬೇಡಿ” ಎಂದು ಅವಳು ಮತ್ತೆ ಸೂಜಿಗೆ ತಲೆ ಬಗ್ಗಿಸಿದಳು. ಅಡುಗೆಮನೆಯಲ್ಲಿದ್ದ ಅವನ ಅಕ್ಕ ಕಿಸಕ್ಕನೆ ನಕ್ಕಳು.

ಇಷ್ಟಕ್ಕೆಲ್ಲ ಮೂಲ ಆ ಅಕ್ಕನೇ. ತಮ್ಮ ಕೊಂಡ ಹೊಸ ಫ್ಲ್ಯಾಟ್ ನೋಡಲು ಬಂದವಳು ಹಣೆ ಚಚ್ಚಿಕೊಂಡಿದ್ದಳು. ಬಿಳಿ ಗೋಡೆ, ಬಿಳಿ ಟೈಲ್ಸ್, ಬಿಳಿ ಟ್ಯೂಬ್‌ಲೈಟು, ನಡುವೆ ಗಾಜಿನ ಟೀಪಾಯಿ. “ಇದು ಮನೆಯೇನೋ, ಕ್ಲಿನಿಕ್ಕೇನೋ? ಬಂದ ನೆಂಟರು ಸೋಫಾದಲ್ಲಿ ಕೂತ ತಕ್ಷಣ ಬಾಯಿ ತೆರೆದು ‘ಆ’ ಅಂತಾರೆ” ಎಂದು ಬೈದು, ಹಳೆಯ ರತ್ನಗಂಬಳಿಗಳನ್ನು ಹೊಸ ಮನೆಗಳಿಗೆ ಹೊಂದಿಸಿಕೊಡುವವಳ ಅಂಗಡಿಯನ್ನು ಹುಡುಕಿ ಹೋಗಿದ್ದಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಕಾರ್ಪೆಟ್ ಮೇಡಂ.

ಕಾರ್ಪೆಟ್ ಮೇಡಂದು ಒಂದು ಹಟ. ಹಳೆಯ ಕಾರ್ಪೆಟ್ಟಿನ ಸವೆದ ಜಾಗವನ್ನು ಅಂಗಡಿಯಲ್ಲಿ ಕೂತು ಸರಿಮಾಡುವವಳಲ್ಲ. ಮೊದಲು ಅದನ್ನು ಕೊಂಡವರ ಮನೆಯಲ್ಲಿ ಹಾಸಬೇಕು, ಆಮೇಲೆ ಆ ಮನೆಯ ಬೆಳಕಲ್ಲೇ ನೂಲಿನ ಬಣ್ಣ ಹೊಂದಿಸಿ ಗಂಟು ಹಾಕಬೇಕು. ಅಂಗಡಿಯ ಕೆಂಪು ಬೇರೆ, ಮನೆಯ ಕೆಂಪು ಬೇರೆ ಎನ್ನುವುದು ಅವಳ ವಾದ.

ಬಂದ ದಿನವೇ ಟೀಪಾಯಿಯನ್ನು ಮೂಲೆಗೆ ತಳ್ಳಿಸಿದಳು. ಸೋಫಾದ ಮುಂಗಾಲುಗಳು ಕಾರ್ಪೆಟ್ಟಿನ ಮೇಲೆ, ಹಿಂಗಾಲುಗಳು ಟೈಲ್ಸ್ ಮೇಲೆ ಬರುವಂತೆ ಎಳೆಸಿದಳು. ಟ್ಯೂಬ್‌ಲೈಟ್ ಆರಿಸಿ, ಗಿಡ್ಡ ದೀಪವೊಂದನ್ನು ನೆಲದ ಹತ್ತಿರ ಇಟ್ಟಳು. ಮಾಸಿದ ಕೆಂಪು, ಹೊಗೆ ಹಿಡಿದಂಥ ನೀಲಿ, ನಡುವೆ ಬಾಡಿದ ಹೂಗಳು. ಬಿಳಿ ಕೋಣೆಗೆ ಅಂತೂ ಮನೆಯ ಕಳೆ ಬಂತು. ಅವನು ಬರಿಗಾಲಲ್ಲಿ ಅದರ ಮೇಲೆ ಒಂದು ಸುತ್ತು ಬಂದು, “ಕಾಲಿಗೇ ನಿದ್ದೆ ಬರುತ್ತೆ” ಎಂದ. ಆ ಮಾತು ಅವಳಿಗೆ ತುಂಬ ಹಿಡಿಸಿತು. ಆಡಿದವನೂ.

ಅದುವರೆಗೆ ಕ್ಲಿನಿಕ್ಕಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದವನು ಮರುದಿನದಿಂದ ಮಧ್ಯಾಹ್ನ ಮನೆಗೆ ಬರತೊಡಗಿದ. ತಟ್ಟೆ ಹಿಡಿದು ಸೋಫಾದಲ್ಲಿ ಕೂತು ಅವಳ ಬೆರಳುಗಳನ್ನು ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಅವನ ಕಣ್ಣು ಸೀಲಿಂಗಿಗೆ ಓಡುತ್ತಿತ್ತು. ಅಲ್ಲಿ ಫ್ಯಾನ್ ಬಿಟ್ಟರೆ ಇನ್ನೇನಿತ್ತು?

“ಫ್ಯಾನ್‌ಗೇನಾದ್ರೂ ಹುಳುಕು ಹಿಡಿದಿದೆಯಾ, ಡಾಕ್ಟ್ರೇ?”

“ಇಲ್ಲ, ಸುಮ್ನೆ ಚೆಕಪ್.”

ಹೀಗೇ ದಿನಗಳು ಸಾಗಿದವು. ಕೆಲಸ ಮಾತ್ರ ಸಾಗಲಿಲ್ಲ. ಕಾರ್ಪೆಟ್ಟಿನ ಮೂಲೆಯ ಸವೆದ ಹೂವೊಂದನ್ನು ಕಟ್ಟಿ ಮುಗಿಸಿದ ಸಂಜೆ ಅವಳು ಉಳಿದ ಜಾಗಗಳನ್ನು ಎಣಿಸಿದಳು. ಇನ್ನು ಸ್ವಲ್ಪ ಮುಗಿದರೆ ಈ ಮನೆಗೆ ಬರಲು ನೆಪವೇ ಇರದು. ಕೆಂಪು ಹೊಂದಲಿಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಹೂವನ್ನು ಬಿಚ್ಚಿದಳು. ಚೆಂದದ ಕೆಲಸವನ್ನು ಕೈಯಾರೆ ಕೆಡಿಸಿದ್ದು ಜನ್ಮದಲ್ಲೇ ಮೊದಲು. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಅಕ್ಕ ಬಂದು ನಿಂತಳು. “ಭಾನುವಾರ ಅಪ್ಪ ಅಮ್ಮ ಮನೆ ನೋಡೋಕೆ ಬರ್ತಿದ್ದಾರೆ ಕಣಮ್ಮ. ಅಷ್ಟರಲ್ಲಿ ಮುಗಿಸಿಬಿಡು.”

ಇನ್ನು ಆಟ ನಡೆಯದು. ಶನಿವಾರ ಮಧ್ಯಾಹ್ನ ಹೂವನ್ನು ಮತ್ತೆ ಕಟ್ಟಿ, ಭಾರವಾದ ಮನಸ್ಸಿನಿಂದ ಕೊನೆಯ ಸಲ ಕಾರ್ಪೆಟ್ಟನ್ನು ಕೈಯಿಂದ ಸವರುತ್ತ ಬಂದಳು. ಸೋಫಾದಡಿಯ ಅಂಚಿಗೆ ಬಂದಾಗ ಬೆರಳು ನಿಂತಿತು. ಕುಚ್ಚುಗಳ ಗಂಟುಗಳು ಸಾಲಾಗಿ ಬಿಚ್ಚಿಕೊಂಡಿದ್ದವು. ತಂದ ದಿನ ಇವೆಲ್ಲ ಗಟ್ಟಿಯಾಗಿದ್ದವು.

“ಡಾಕ್ಟ್ರೇ, ಇಲ್ಲಿ ಬನ್ನಿ. ಇದೇನಿದು?”

ಅವನು ಬಗ್ಗಿ ನೋಡಿದ. “ಇಲಿ ಇರಬಹುದು.”

“ಒಂದು ಎಳೆಯೂ ತುಂಡಾಗಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿಚ್ಚಿದೆ ನಿಮ್ಮ ಇಲಿ.” ಅವಳು ಸೋಫಾದ ಕೆಳಗೆ ಕೈ ಹಾಕಿ ಸಣ್ಣ ಸ್ಟೀಲ್ ಕೊಕ್ಕೆಯೊಂದನ್ನು ಎತ್ತಿ ಹಿಡಿದಳು, ಹಲ್ಲಿನ ಸಂದಿ ಕೆರೆಯುವಂಥದ್ದು. “ಸಾಮಾನು ಬೇರೆ ಬಿಟ್ಟುಹೋಗಿದೆ.”

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಕಿವಿ ಕಾರ್ಪೆಟ್ಟಿಗಿಂತ ಕೆಂಪಾಯಿತು.

“ಮುಗಿದ್ರೆ ನೀವು ಬರಲ್ಲ” ಎಂದ ಕೊನೆಗೆ. “ಕ್ಲಿನಿಕ್ಕಲ್ಲಿ ನಾನೂ ಒಂದೇ ಹಲ್ಲಿಗೆ ಮತ್ತೆ ಮತ್ತೆ ಬನ್ನಿ ಅಂತೀನಿ. ಅದೇ ಬುದ್ಧಿ ಇಲ್ಲೂ ಓಡ್ತು. ಕೋಪ ಬಂತಾ?”

ಬರಬೇಕಿತ್ತು. ಹಳೆಯ ಕಾರ್ಪೆಟ್ಟಿನ ಗಂಟಿಗೆ ಕೈ ಹಾಕಿದವರನ್ನು ಅವಳು ಸುಮ್ಮನೆ ಬಿಟ್ಟವಳೇ ಅಲ್ಲ. ಆದರೆ ಮೂಲೆಯ ಹೂವು ಅವಳನ್ನೇ ನೋಡುತ್ತಿತ್ತು.

“ಆ ಹೂವು ಇದೆಯಲ್ಲ” ಎಂದಳು ಮೆಲ್ಲಗೆ, “ಅದನ್ನ ಮೊನ್ನೆಯೇ ಮುಗಿಸಿದ್ದೆ. ಬಿಚ್ಚಿದ್ದು ನಾನೇ.”

“ಯಾಕೆ?”

“ಇಲಿ ಒಂದೇ ಇರಲಿಲ್ಲ ಅಂತ ತಿಳ್ಕೊಳಿ.”

ಅವನು ತಿಳಿದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನ ನಗು ಇಡೀ ಕೋಣೆಗೆ ಸಾಕಾಗುವಷ್ಟಿತ್ತು. ಅವಳ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟ.

“ನಾಳೆ ಅಪ್ಪ ಅಮ್ಮ ಬಂದಾಗ ನೀವೂ ಇರ್ತೀರಾ? ಕಾರ್ಪೆಟ್ ಮೇಡಂ ಆಗಿ ಅಲ್ಲ.”

“ಇರ್ತೀನಿ. ಆದ್ರೆ ಬಿಚ್ಚಿದ ಗಂಟನ್ನೆಲ್ಲ ನೀವೇ ಹಾಕ್ಬೇಕು. ನಾನು ಹೇಳಿಕೊಡ್ತೀನಿ ಅಷ್ಟೇ.”

ಕುಚ್ಚು ಹಿಡಿಯುವುದು ಹೇಗೆಂದು ತೋರಿಸಲು ಅವಳು ಅವನ ಬೆರಳು ಹಿಡಿದಳು. ತೋರಿಸಿದ್ದಾದ ಮೇಲೂ ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ. ಗಂಟುಗಳು ಸೊಟ್ಟಗೆ ಬಂದವು. ಬಾಗಿಲಲ್ಲಿ ಅಕ್ಕನ ಚಪ್ಪಲಿ ಸದ್ದಾಯಿತು.

“ಮುಗೀತೇನೋ?”

“ಇದೊಂದೇ ಬಾಕಿ ಅಕ್ಕ” ಎಂದ ಅವನು. ಒಂದು ಕೈಯಲ್ಲಿ ಕುಚ್ಚಿತ್ತು, ಇನ್ನೊಂದರಲ್ಲಿ ಅವಳ ಕೈ. ಕತ್ತರಿ ಎದುರಿಗೇ ಬಿದ್ದಿತ್ತು. ಹಲ್ಲಿನ ಡಾಕ್ಟರು ಬಗ್ಗಿ, ಹೆಚ್ಚಾಗಿ ಉಳಿದ ದಾರವನ್ನು ಹಲ್ಲಿನಿಂದಲೇ ಕಡಿದರು.