ವಾಸನೆ ತಾಳದ ಸೊಸೆ

"ಬಾಗಿಲು ಹಾಕ್ಕೊಂಡು ನಾಟಕ ಆಡ್ಬೇಡ! ಬಾ ಹೊರಗೆ!"

ಅತ್ತೆ ಕೋಣೆಯ ಬಾಗಿಲು ಬಡಿಯುತ್ತಲೇ ಇದ್ದರು. ಒಳಗೆ ಸೊಸೆ ಕಿಟಕಿಯ ಸರಳಿಗೆ ಹಣೆಯೊತ್ತಿ ಏದುಸಿರು ಬಿಡುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅತ್ತೆಯ ಬ್ಯೂಟಿ ಪಾರ್ಲರ್. ಗಂಡ ತೀರಿಹೋದ ಮೇಲೆ ಮಗನನ್ನು ಓದಿಸಿದ್ದು ಅಲ್ಲಿನ ಕತ್ತರಿ, ಬಾಚಣಿಗೆ. ಈಗ ಅಲ್ಲಿಂದ ಸ್ಪ್ರೇಯದ್ದೋ ಉಗುರುಬಣ್ಣದ್ದೋ ವಾಸನೆ ಬಂದರೆ ಸಾಕು, ಸೊಸೆಗೆ ತಲೆ ಸಿಡಿದು ಎದೆ ಬಿಗಿಯುತ್ತಿತ್ತು. ಇವತ್ತಂತೂ ಗಿರಾಕಿಗಳ ಎದುರೇ ಮೂಗು ಮುಚ್ಚಿಕೊಂಡು ಓಡಿದ್ದಳು!

"ಮದುವೆಯಾದಾಗ ಈ ವಾಸನೆ ಇರ್ಲಿಲ್ವೇನೋ? ಆಗ ಚೆನ್ನಾಗೇ ಇದ್ಲಲ್ಲ!" ಅತ್ತೆ ಮಗನನ್ನು ಕೇಳಿದರು. ಅವನು ಹೊರಗಿನಿಂದ ಹೋಗಿ ಕಿಟಕಿಯಲ್ಲಿ ಹೆಂಡತಿಯನ್ನು ನೋಡಿದ. ಅಮ್ಮನ ಮಾತು ತಪ್ಪಲ್ಲ... ಹೆಂಡತಿಯ ಬೆವೆತ ಮುಖವೂ ಸುಳ್ಳಲ್ಲ.

ಅವನು ಹೆಂಡತಿಯನ್ನು ಡಾಕ್ಟರ ಬಳಿಗೆ ಕರೆದೊಯ್ದಾಗ ಅತ್ತೆಯೂ ಹೊರಟರು, ಕಳ್ಳನನ್ನು ಹಿಡಿಯಲು ಹೊರಟವರಂತೆ.

"ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ," ಎಂದರು ಡಾಕ್ಟರು.

"ನಾನು ಹೇಳ್ಲಿಲ್ವಾ!"

"ಹಾಗಂತ ನಾಟಕ ಅಲ್ಲಮ್ಮಾ. ಕೆಲವರಿಗೆ ದಿನಬಳಕೆಯ ವಸ್ತುಗಳಿಂದಲೇ ಹೀಗಾಗುತ್ತೆ. ಯಾಕೆ ಅಂತ ನಮಗೂ ಖಚಿತವಾಗಿ ಗೊತ್ತಿಲ್ಲ. ಇದನ್ನ ಪೂರ್ತಿ ವಾಸಿಮಾಡೋ ಮಾತ್ರೆ ಇಲ್ಲ. ಯಾವುದರಿಂದ ತೊಂದರೆಯೋ ಅದನ್ನ ಕಡಿಮೆ ಮಾಡಿ, ಮನೇಲಿ ಗಾಳಿ ಆಡ್ಲಿ. ಭಯದಿಂದ ಹೆಚ್ಚಾಗ್ತಿದ್ರೆ ಅದಕ್ಕೂ ಸಹಾಯ ತಗೊಳ್ಳಿ."

"ಗೊತ್ತಿಲ್ಲ ಅನ್ನೋಕೂ ಒಬ್ರು ಡಾಕ್ಟರಾ!" ದಾರಿಯುದ್ದಕ್ಕೂ ಅತ್ತೆಯ ಗೊಣಗಾಟ. ಮರುದಿನ ಸೊಸೆ ತನ್ನ ಅಕ್ಕನ ಮನೆಗೆ ಹೊರಟುಹೋದಳು.

ಅಲ್ಲಿ ಮೊದಲು ಹಗುರವೆನಿಸಿತು. ಅಕ್ಕ ಫಿನೈಲ್ ಹಾಕಿ ನೆಲ ಒರೆಸಿದ ದಿನ ಮತ್ತೆ ತಲೆನೋವು. ಏನನ್ನೂ ಬಳಸದ ದಿನವೂ ಬಂತು! ಹಾಗಾದರೆ ತನಗೆ ಆಗಿರುವುದಾದರೂ ಏನು? ಅತ್ತೆ ಅಂದದ್ದೇ ನಿಜವೇ? ತನ್ನ ದೇಹವನ್ನು ತಾನೇ ನಂಬದಂತಾಗಿ ಬಿಕ್ಕಿ ಬಿಕ್ಕಿ ಅತ್ತಳು...

ಒಂದು ಬೆಳಿಗ್ಗೆ ಅಕ್ಕನ ಮನೆಯ ಬಾಗಿಲ ಹೊರಗೆ ಅತ್ತೆ ನಿಂತಿದ್ದರು. ಅವರ ಕೂದಲ ಬುಡವೆಲ್ಲ ಬಿಳಿ! ಬಣ್ಣ ಹಾಕದ ತಲೆಯಲ್ಲಿ ಅವರನ್ನು ಸೊಸೆ ಎಂದೂ ಕಂಡಿರಲಿಲ್ಲ.

"ಒಳಗೆ ಬರಬಹುದೇನೇ? ಸೆಂಟು, ಪೌಡರ್ ಏನೂ ಹಾಕಿಲ್ಲ. ನಾಟಕ ಆಡೋಳು ಮನೆ ಬಿಟ್ಟು ಹೋಗ್ತಾಳಾ ಅಂತ ಯೋಚಿಸ್ದೆ. ಪಾರ್ಲರನ್ನ ಬೀದಿ ಕೊನೆಯ ಅಂಗಡಿಗೆ ಸಾಗಿಸ್ದೆ."

"ಅತ್ತೇ... ಅಷ್ಟು ಮಾಡಿದ್ರೂ ನನಗೆ ವಾಸಿಯಾಗದೆ ಹೋದ್ರೆ?"

"ಆಗದಿದ್ರೆ ಇನ್ನೇನಾದ್ರೂ ನೋಡೋಣ. ನಿನ್ನ ಕಾಯಿಲೆ ನನಗಿನ್ನೂ ಅರ್ಥ ಆಗಿಲ್ಲ ಕಣೇ. ಅರ್ಥ ಆಗೋವರೆಗೂ ನಿನ್ನ ಹೊರಗಿಡೋಕಾಗುತ್ತಾ? ನಡಿ, ಮನೆಗೆ ಹೋಗೋಣ."

ಸೊಸೆ ಅವರನ್ನು ತಬ್ಬಿಕೊಂಡಳು. ಹಣೆಯಲ್ಲಿ ಸಣ್ಣಗೆ ನೋವು ಎದ್ದಿತು. ಅತ್ತೆಯ ಸೀರೆಗಂಟಿದ ವಾಸನೆಯಿಂದಲೋ, ಅಳುವಿನಿಂದಲೋ... ತಿಳಿಯಲಿಲ್ಲ. ಆದರೂ ಅವಳು ಕೈ ಸಡಿಲಿಸಲಿಲ್ಲ.