ಅಂಟಿಕೊಂಡ ಸ್ಕ್ರೂಗಳು

ಮಂಗಳವಾರ ಬೆಳಿಗ್ಗೆ 9.40ಕ್ಕೆ ಆಸ್ಪತ್ರೆಯ ಕಾಂಪೌಂಡರ್ ಠಾಣೆಗೆ ಬಂದು ದೂರು ಕೊಟ್ಟ. ಮನೆಯಲ್ಲಿ ತಾನೇ ರಿಪೇರಿ ಮಾಡುತ್ತಿದ್ದ ಡಿಜಿಟಲ್ ಕ್ಯಾಮೆರಾದಿಂದ, ಹಿಂದಿನ ದಿನ ಅವನು ಡ್ಯೂಟಿಯಲ್ಲಿದ್ದಾಗ, ಮೆಮೊರಿ ಕಾರ್ಡ್ ಕಳುವಾಗಿತ್ತು. ಮುಖ ನೋಡಿದರೆ ಏಳು ರಾಜರ ಖಜಾನೆ ಲೂಟಿಯಾದ ಹಾಗಿತ್ತು.

"ಅದರಲ್ಲೇನಿತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಹೋದ ವರ್ಷ ತೀರ್ಕೊಂಡ ನನ್ನ ಹೆಂಡ್ತಿ ದನಿ, ಸಾರ್. ಬೇರೆಲ್ಲೂ ಇಲ್ಲ. ಕಾರ್ಡ್ ಒಳಗೇ ಸಿಕ್ಕಾಕೊಂಡಿತ್ತು, ಅದಕ್ಕೇ ಬಿಚ್ಚಿದ್ದೆ."

FIR ದಾಖಲಾಯಿತು. 11.15ಕ್ಕೆ ಮನೆಯಲ್ಲಿ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ಲರ ಹೊಟ್ಟೆ ಮೊದಲು ಕೋಣೆ ಹೊಕ್ಕಿತು. ಅವರು ಸ್ವಲ್ಪ ಹೊತ್ತಿನ ಮೇಲೆ ಬಂದರು. ಮೇಜಿನ ಮೇಲೆ ಬಿಳಿ ಹಾಳೆ. ಬಿಚ್ಚಿದ ಸ್ಕ್ರೂ ಒಂದೊಂದಕ್ಕೂ ಪೆನ್ಸಿಲ್ಲಿನ ಒಂದೊಂದು ಸುತ್ತು, ಒಟ್ಟು ಹನ್ನೆರಡು. ಸುತ್ತುಗಳೆಲ್ಲ ಖಾಲಿ. ಇರುವೆಯೂ ಎಡವದಷ್ಟು ಸಣ್ಣ ಸ್ಕ್ರೂಗಳು ಮೂಲೆಯಲ್ಲಿ ಗುಡ್ಡೆಯಾಗಿದ್ದವು. ಎಣಿಸಿದರೆ ಹನ್ನೊಂದೇ.

"ಅನುಮಾನ ಯಾರ ಮೇಲೆ?"

"ಅಣ್ಣನ ಮೇಲೆ. ನಂಗೆ ಇನ್ನೊಂದು ಮದುವೆ ಗೊತ್ತುಮಾಡಿದಾನೆ. ಹಳೇದೆಲ್ಲ ಬಿಸಾಕು ಅಂತಾನೆ."

"ಬೀಗದ ಕೈ ಯಾರ ಹತ್ರ ಇದೆ?"

"ಅಣ್ಣನ ಹತ್ರ, ಹೆಂಡ್ತಿ ತಾಯಿ ಹತ್ರ. ಅತ್ತೆ ದಿನಾ ಊಟದ ಡಬ್ಬಿ ಇಟ್ಟು ಹೋಗ್ತಾರೆ. ದೇವರಂಥವರು ಸಾರ್."

12.30ಕ್ಕೆ ಅಣ್ಣನ ವಿಚಾರಣೆ. "ನಾನಾಗಿದ್ರೆ ಕ್ಯಾಮೆರಾನೇ ಎತ್ತಿ ಕಸಕ್ಕೆ ಹಾಕ್ತಿದ್ದೆ!" ಎಂದು ರೇಗಿದ. ಹಿಂದಿನ ದಿನವಿಡೀ ಅವನು ಗೋದಾಮಿನಲ್ಲಿದ್ದನೆಂದು ಹಾಜರಿ ಪುಸ್ತಕ ಹೇಳಿತು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಚಿಮಟದಿಂದ ಒಂದು ಸ್ಕ್ರೂ ಎತ್ತಿದರು. ಇನ್ನು ನಾಲ್ಕು ಅದಕ್ಕೆ ಜೋತುಬಿದ್ದು ಬಂದವು.

"ಮನೇಲಿ ಅಯಸ್ಕಾಂತ ಇದೆಯಾ?"

"ಇಲ್ಲ ಸಾರ್."

"ಬಿದ್ದ ಸ್ಕ್ರೂನ ಯಾರೋ ಅಯಸ್ಕಾಂತದಲ್ಲಿ ಹೆಕ್ಕಿದಾರೆ. ನಿಮ್ಮತ್ತೆ ಏನ್ಮಾಡ್ತಾರೆ?"

ಕಾಂಪೌಂಡರ್ ಕುರ್ಚಿಯಿಂದ ಅರ್ಧ ಎದ್ದ. "ಟೈಲರ್."

3.20ಕ್ಕೆ ಹೊಲಿಗೆ ಅಂಗಡಿ. ಬಿದ್ದ ಸೂಜಿ ಎತ್ತಲು ಮಿಷನ್ನಿಗೆ ದಾರದ ಕುಣಿಕೆಯಲ್ಲಿ, ಬೇಕಾದಾಗ ತೆಗೆದೊಯ್ಯುವಂತೆ, ಅಯಸ್ಕಾಂತ ನೇತುಹಾಕಿತ್ತು. ಸೂಜಿಗಳ ನಡುವೆ ಹನ್ನೆರಡನೆಯ ಸ್ಕ್ರೂ.

"ಏನಜ್ಜಿ, ಇದು ಯಾರ ಅಂಗಿ ಗುಂಡಿ?" ಹೆಡ್ ಕಾನ್‌ಸ್ಟೇಬಲ್ ಕೆಣಕಿದರು.

"ನಿಂದಂತೂ ಅಲ್ಲಪ್ಪಾ. ನಿನ್ನ ಹೊಟ್ಟೆಗೆ ಗುಂಡಿ ಸಾಲಲ್ಲ, ಹಗ್ಗಾನೇ ಬೇಕು."

ಅಷ್ಟು ಹೇಳಿ ಆಕೆ ಕನ್ನಡಕದ ಡಬ್ಬಿಯಿಂದ ಕಾರ್ಡ್ ತೆಗೆದಿಟ್ಟಳು. "ಹೊಸಬಳು ಬಂದ್ರೆ ನನ್ನ ಮಗಳನ್ನ ಅಳಿಸಿಬಿಡ್ತಾರೆ ಅಂತ ಎತ್ಕೊಂಡ್ಬಂದೆ. ಕಿವಿಗಿಟ್ಟು ನೋಡ್ದೆ. ಏನೂ ಕೇಳಿಸ್ಲಿಲ್ಲ."

4.05ಕ್ಕೆ ಬಂಧನ. ವಶಪಡಿಸಿಕೊಂಡ ವಸ್ತುವನ್ನು ಗುರುತಿಸಲು ಪಂಚರ ಎದುರು ಠಾಣೆಯ ಕಂಪ್ಯೂಟರಿನಲ್ಲಿ ಕಾರ್ಡ್ ಹಾಕಿದರು. ಪರದೆಯ ಮೇಲೆ ಮುದುಕಿ ಮಿಷನ್ ತುಳಿಯುತ್ತಿದ್ದಳು. ಕ್ಯಾಮೆರಾದ ಹಿಂದಿನಿಂದ ನಗು ತುಂಬಿದ ದನಿ ಬಂತು:

"ಅಮ್ಮಾ, ಒಂದ್ನಿಮಿಷ ಅಲ್ಲಾಡ್ಬೇಡ!"

ಬೆಂಚಿನ ಮೇಲಿದ್ದ ಆರೋಪಿ ಅಲ್ಲಾಡಲಿಲ್ಲ.